ಹದಿನೈದರ ಮಸೂರ ಹದಿನೈದೇ ತೋರಿಸಬೇಕೆಂದರೆ

ಪೀನ ಮಸೂರದ ಸಂಗಮ ದೂರ (ದೂರದಿಂದ ಬಂದ ಬೆಳಕನ್ನು ಮಸೂರ ಒಂದೆಡೆ ಕೂಡಿಸುವ ಅಂತರ) ಕಂಡುಹಿಡಿಯುವುದು ಹತ್ತನೇ ತರಗತಿಯ ಪ್ರಯೋಗಗಳಲ್ಲೇ ಸುಲಭದ್ದೆಂದು ಹೆಸರು. ಆದರೂ ಒಂದೇ ಮಸೂರಕ್ಕೆ ಒಂದು ಬೆಂಚಿನವರು 15 ಸೆಂ.ಮೀ. ಎಂದರೆ ಪಕ್ಕದವರು 17 ಎನ್ನುತ್ತಾರೆ. ಮೂರನೆಯವರು ಡಬ್ಬಿಯ ಮೇಲಿನ ಚೀಟಿ ನೋಡಿ ಬರೆದುಬಿಟ್ಟಿರುತ್ತಾರೆ. ಹೀಗಾಗುವುದು ಮಸೂರದ ದೋಷದಿಂದಲ್ಲ, ಪರದೆ ಸರಿಸುವ ಕೈ ಮತ್ತು ಅಳತೆ ಶುರುಮಾಡುವ ಜಾಗದಿಂದ.

ಮಸೂರ ಗಾಜಿನದೇ ಇರಲಿ. 5 ಸೆಂ.ಮೀ. ಅಗಲ, 15 ಸೆಂ.ಮೀ. ಸಂಗಮ ದೂರದ್ದು ಕೈಗೆ ಹದ. ಜಾತ್ರೆಯಲ್ಲಿ ಸಿಗುವ ಪ್ಲಾಸ್ಟಿಕ್ ಭೂತಗನ್ನಡಿ ಆಟಕ್ಕೆ ಸರಿ, ಅಳತೆಗೆ ಬೇಡ. ಅಂಚಿನಲ್ಲಿ ಚಿತ್ರ ಸೊಟ್ಟಗಾಗುತ್ತದೆ, ಎರಡು ಸಲ ಒರೆಸಿದರೆ ಗೀರು ಬೀಳುತ್ತದೆ. ಮನೆಯ ಹಿರಿಯರ ಚಾಳೀಸು ಅದಕ್ಕಿಂತ ವಾಸಿ. ಅದರ ನಂಬರು ಪ್ಲಸ್ 2 ಇದ್ದರೆ 100ನ್ನು 2ರಿಂದ ಭಾಗಿಸಿ, 50 ಸೆಂ.ಮೀ. ಸಂಗಮ ದೂರ. ಆದರೆ ಅದನ್ನಿಟ್ಟುಕೊಂಡು ಮುಂದೆ ಹೇಳುವ ಎರಡನೇ ವಿಧಾನ ಮಾಡಲು ಎರಡು ಮೀಟರಿಗಿಂತ ಉದ್ದದ ಮೇಜು ಬೇಕು.

ಮೊದಲು ದೂರದ ವಸ್ತುವಿನ ವಿಧಾನ. ಕೋಣೆಯ ಒಂದೇ ಕಿಟಕಿ ತೆರೆದಿಟ್ಟು ಉಳಿದವನ್ನೆಲ್ಲ ಮುಚ್ಚಿ. ಮುಂಜಾನೆಯಾದರೆ ಪಶ್ಚಿಮದ ಕಿಟಕಿ, ಹೊತ್ತು ಇಳಿದ ಮೇಲೆ ಪೂರ್ವದ ಕಿಟಕಿ. ಬಿಸಿಲು ವಸ್ತುವಿನ ಮೇಲೆ ಬೀಳಬೇಕು, ಪರದೆಯ ಮೇಲಲ್ಲ. ಪರದೆಗೆ ಡ್ರಾಯಿಂಗ್ ಹಾಳೆಯ ಹೊಳಪಿಲ್ಲದ ಮೈ ಸಾಕು. ಮಸೂರವನ್ನು ಕಿಟಕಿಗೆ ಎದುರಾಗಿ ಹಿಡಿದು ಅದರ ಹಿಂದೆ ಪರದೆಯನ್ನು ಸರಿಸಿ. ತಲೆಕೆಳಗಾದ ಪುಟ್ಟ ಚಿತ್ರ ಚುರುಕಾಗಿ ಮೂಡಿದಲ್ಲಿ ಮಸೂರದಿಂದ ಪರದೆಗಿರುವ ಅಂತರವೇ ಸಂಗಮ ದೂರ.

ಇಲ್ಲಿ ಹೆಚ್ಚಿನವರು ಎಡವುವುದು 'ದೂರ' ಎಂಬ ಮಾತಿನಲ್ಲಿ. ಶಾಲೆಯ ಅಂಗಳದ ಬೇವಿನ ಮರ ಕಣ್ಣಿಗೆ ದೂರವೇ, ಮಸೂರಕ್ಕಲ್ಲ. 15 ಸೆಂ.ಮೀ. ಮಸೂರದಿಂದ 3 ಮೀಟರ್ ದೂರದ ವಸ್ತುವಿನ ಬಿಂಬ 15.8ರಲ್ಲಿ ಬೀಳುತ್ತದೆ, 10 ಮೀಟರಿನದು 15.2ರಲ್ಲಿ. 30 ಮೀಟರ್ ದಾಟಿದರೆ ವ್ಯತ್ಯಾಸ ಒಂದು ಮಿ.ಮೀ.ಗಿಂತ ಕಡಿಮೆ, ಅಷ್ಟನ್ನು ಶಾಲೆಯ ಅಳತೆಪಟ್ಟಿ ಹಿಡಿಯುವುದೇ ಇಲ್ಲ.

ವಿಜಯಪುರದಲ್ಲಿರುವವರಿಗೆ ಈ ಚಿಂತೆ ಇಲ್ಲ. ಗೋಳಗುಮ್ಮಟ ಕಾಣುವ ಯಾವ ಕಿಟಕಿಯಾದರೂ ನಡೆಯುತ್ತದೆ. ಗುಮ್ಮಟದ ಹೊರ ವ್ಯಾಸ ಸುಮಾರು 44 ಮೀಟರ್. ಒಂದು ಕಿ.ಮೀ. ದೂರದಿಂದ ಅದು ಪರದೆಯ ಮೇಲೆ 6.6 ಮಿ.ಮೀ. ಅಗಲಕ್ಕೆ, ಬಟ್ಟಲು ಅಂಗಾತ ಇಟ್ಟಂತೆ ಮೂಡುತ್ತದೆ. ಮೂಲೆಯ ಮಿನಾರುಗಳು ಕೆಳಮುಖವಾಗಿ ಇಳಿಬಿದ್ದಿರುತ್ತವೆ. ಮಿನಾರಿನ ಅಂಚು ಗೆರೆ ಎಳೆದಂತೆ ಕಂಡರೆ ಪರದೆ ಸರಿಯಾದ ಜಾಗಕ್ಕೆ ಬಂದಿದೆ ಎಂದು ಲೆಕ್ಕ. ಬಾಗಲಕೋಟೆ, ಬೆಳಗಾವಿಯವರು ದೂರದ ನೀರಿನ ಟ್ಯಾಂಕನ್ನೋ ಮೊಬೈಲ್ ಟವರನ್ನೋ ಆರಿಸಿಕೊಳ್ಳಲಿ. ಗುಡ್ಡ, ಮೋಡ ಬೇಡ, ಅವಕ್ಕೆ ಚುರುಕಾದ ಅಂಚಿಲ್ಲ.

ಸೂರ್ಯನನ್ನು ಮಾತ್ರ ವಸ್ತುವಾಗಿ ಬಳಸಬೇಡಿ. ಮಸೂರದ ಮೂಲಕ ಸೂರ್ಯನನ್ನು ನೋಡಿದರೆ ಕಣ್ಣು ಹೋಗುತ್ತದೆ. ನಮ್ಮ ಕಡೆಯ ಬಿಸಿಲಿನಲ್ಲಿ ಕಿಟಕಿಯ ಕಟ್ಟೆಯ ಮೇಲೆ ಮರೆತ ಮಸೂರವೊಂದು ಕಾಗದಕ್ಕೆ, ಹತ್ತಿಗೆ, ಒಣ ಕಣಿಕೆಗೆ ಕಿಡಿ ಹಚ್ಚಬಲ್ಲದು.

ಇನ್ನು ಎರಡನೇ ವಿಧಾನ. ವಸ್ತು, ಮಸೂರ, ಪರದೆ ಮೂರನ್ನೂ ಮೇಜಿನ ಮೇಲೆ ಸಾಲಾಗಿಟ್ಟು ಎರಡು ದೂರ ಅಳೆಯುವುದು: ವಸ್ತುವಿನಿಂದ ಮಸೂರಕ್ಕೆ ವಸ್ತು ದೂರ, ಮಸೂರದಿಂದ ಪರದೆಗೆ ಬಿಂಬ ದೂರ. ಮೇಣದಬತ್ತಿಯನ್ನು ದಯವಿಟ್ಟು ಬದಿಗಿಡಿ. ಫ್ಯಾನ್ ಗಾಳಿಗೆ ಜ್ವಾಲೆ ಓಲಾಡುತ್ತದೆ, ಉರಿದಂತೆ ಗಿಡ್ಡಾಗಿ ಅಕ್ಷದಿಂದ (ಮಸೂರದ ನಡುವೆ ಹಾಯುವ ನೇರ ಗೆರೆಯಿಂದ) ಕೆಳಗಿಳಿಯುತ್ತದೆ. ಜ್ವಾಲೆಗೆ ಅಂಚೇ ಇಲ್ಲದಿದ್ದರೆ ಬಿಂಬದ ಅಂಚು ಚುರುಕಾಯಿತೋ ಇಲ್ಲವೋ ಎಂದು ಹೇಳುವುದಾದರೂ ಹೇಗೆ? ಎಲ್‌ಇಡಿ ಟಾರ್ಚಿನ ಬಾಯಿಗೆ ಬಟರ್ ಪೇಪರ್, ಅದರ ಮೇಲೆ ಕಿಟಕಿಗೆ ಹಾಕುವ ಸೊಳ್ಳೆ ಜಾಲರಿಯ ತುಂಡು ಬಿಗಿದು ರಬ್ಬರ್ ಬ್ಯಾಂಡ್ ಹಾಕಿ. ಈಗ ವಸ್ತುವೆಂದರೆ ಜಾಲರಿ, ಟಾರ್ಚಿನ ಬಲ್ಬಲ್ಲ; ಅಳತೆ ಜಾಲರಿಯಿಂದಲೇ ಶುರು. ಪರೀಕ್ಷೆಯಲ್ಲಿ ಮೇಣದಬತ್ತಿಯನ್ನೇ ಕೊಟ್ಟರೆ ಬತ್ತಿಯ ನಡುವಿನಿಂದ ಅಳೆಯಿರಿ.

ಮಸೂರವನ್ನು ನೇರ ನಿಲ್ಲಿಸಲು ಸ್ಟ್ಯಾಂಡ್ ಇಲ್ಲದಿದ್ದರೆ ಗಟ್ಟಿಯಾಗಿ ನಾದಿದ ಕಣಕದ ಉಂಡೆ ಸಾಕು. ಜಾಲರಿ, ಮಸೂರ, ಪರದೆಯ ನಡುಮಧ್ಯಗಳು ಒಂದೇ ಎತ್ತರದಲ್ಲಿರಲಿ. ಜಾಲರಿಗೂ ಪರದೆಗೂ ನಡುವೆ ಸಂಗಮ ದೂರದ ನಾಲ್ಕು ಪಟ್ಟಾದರೂ ಜಾಗ ಬೇಕು, 15ರ ಮಸೂರಕ್ಕೆ 60 ಸೆಂ.ಮೀ. ಅದಕ್ಕಿಂತ ಕಡಿಮೆ ಇದ್ದರೆ ಮಸೂರವನ್ನು ಸಂಜೆಯವರೆಗೆ ಸರಿಸಿದರೂ ಚಿತ್ರ ಚುರುಕಾಗುವುದಿಲ್ಲ. ವಸ್ತುವನ್ನು 15 ಸೆಂ.ಮೀ.ಗಿಂತ ಹತ್ತಿರ ಇಟ್ಟರಂತೂ ಪರದೆಯ ಮೇಲೆ ಏನೂ ಬೀಳದು, ಅಲ್ಲಿರುವುದು ಮಿಥ್ಯ ಪ್ರತಿಬಿಂಬ.

ಈಗ ಪರದೆ ಸರಿಸುವ ಕೆಲಸ. 'ಬಂತು ಬಂತು' ಎನ್ನುತ್ತ ಮೊದಲು ಕಂಡ ಚಿತ್ರಕ್ಕೇ ಪರದೆ ನಿಲ್ಲಿಸುವುದು ಎಲ್ಲರ ಅಭ್ಯಾಸ. 5 ಸೆಂ.ಮೀ. ಅಗಲದ ಮಸೂರದಲ್ಲಿ ಪರದೆ 20 ಸೆಂ.ಮೀ. ದೂರದಲ್ಲಿದ್ದಾಗ 2 ಮಿ.ಮೀ. ಆಚೀಚೆಯಾದರೆ ಪ್ರತಿ ಬಿಂದುವೂ ಅರ್ಧ ಮಿ.ಮೀ. ಹರಡುತ್ತದೆ. ಪರದೆ 60ರಲ್ಲಿದ್ದರೆ ಅಷ್ಟೇ ಹರಡಲು 6 ಮಿ.ಮೀ. ಸರಿಯಬೇಕು. ಹೀಗಾಗಿ ಪರದೆ ದೂರವಿದ್ದಷ್ಟೂ ಕಣ್ಣು ಮೋಸ ಹೋಗುವುದು ಹೆಚ್ಚು. ಚುರುಕಾದ ಜಾಗವನ್ನು ನೇರವಾಗಿ ಹುಡುಕಬೇಡಿ, ಅದರ ಎರಡು ಗಡಿ ಹುಡುಕಿ. ಪರದೆಯನ್ನು ಮಸೂರದ ಕಡೆ ತರುತ್ತ ಜಾಲರಿಯ ಎಳೆ ಮಸುಕಾಗತೊಡಗಿದ ಕೂಡಲೇ ಮೇಜಿನ ಮೇಲೆ ಪೆನ್ಸಿಲ್ ಗೆರೆ ಹಾಕಿ. ಆಮೇಲೆ ಆಚೆ ಒಯ್ಯುತ್ತ ಮತ್ತೆ ಮಸುಕಾಗತೊಡಗಿದಲ್ಲಿ ಇನ್ನೊಂದು ಗೆರೆ. ಎರಡರ ನಟ್ಟನಡುವೆಯೇ ಬಿಂಬದ ಜಾಗ.

ಬಣ್ಣವೂ ದಾರಿ ತೋರಿಸುತ್ತದೆ. ಗಾಜು ನೀಲಿಯನ್ನು ಕೆಂಪಿಗಿಂತ ಹೆಚ್ಚು ಬಾಗಿಸುವುದರಿಂದ ಪರದೆ ಮಸೂರಕ್ಕೆ ತೀರ ಹತ್ತಿರವಿದ್ದರೆ ಬೆಳಕಿನ ಅಂಚಿಗೆ ಕೆಂಪು ಛಾಯೆ, ತೀರ ದೂರವಿದ್ದರೆ ನೀಲಿ ಛಾಯೆ. ಜಾಲರಿಯ ಅಡ್ಡ ಎಳೆಗಳು ಒಂದು ಜಾಗದಲ್ಲಿ, ಉದ್ದ ಎಳೆಗಳು ಇನ್ನೊಂದು ಜಾಗದಲ್ಲಿ ಚುರುಕಾಗುತ್ತಿದ್ದರೆ ಮಸೂರ ಓರೆಯಾಗಿ ನಿಂತಿದೆ. ಕಣಕವನ್ನು ಒತ್ತಿ ನೆಟ್ಟಗೆ ಮಾಡಿ. ಮೇಣದಬತ್ತಿ ಇದನ್ನೆಲ್ಲ ಹೇಳುವುದಿಲ್ಲ.

ಅಳತೆ ಮಸೂರದ ನಡುವಿನಿಂದ, ಸ್ಟ್ಯಾಂಡಿನ ಅಂಚಿನಿಂದಲ್ಲ. ಹೊಲಿಗೆಯವರ ಬಟ್ಟೆ ಟೇಪು ಹಿಗ್ಗುತ್ತದೆ, ಬೇಡ. ಸ್ಟೀಲ್ ಟೇಪಿನ ತುದಿಯ ಕೊಕ್ಕೆ ಸಡಿಲವಿರುವುದರಿಂದ 10ರ ಗೆರೆಯಿಂದ ಶುರುಮಾಡಿ ಆಮೇಲೆ 10 ಕಳೆಯಿರಿ. ವಸ್ತು ದೂರ 60 ಇದ್ದಾಗ ಬಿಂಬ ದೂರ 20ರ ಆಸುಪಾಸು, 40ಕ್ಕೆ 24, 30ಕ್ಕೆ 30, 25ಕ್ಕೆ 37.5, 20ಕ್ಕೆ 60 ಬರಬೇಕು.

ಲೆಕ್ಕದಲ್ಲಿ ಚಿಹ್ನೆ ಮರೆಯುವವರೇ ಬಹಳ. ಮಸೂರದ ಸೂತ್ರದಲ್ಲಿ ಬಿಂಬ ದೂರದ ವಿಲೋಮದಿಂದ (1ನ್ನು ಆ ದೂರದಿಂದ ಭಾಗಿಸಿದ್ದರಿಂದ) ವಸ್ತು ದೂರದ ವಿಲೋಮವನ್ನು ಕಳೆದರೆ ಸಂಗಮ ದೂರದ ವಿಲೋಮ ಸಿಗುತ್ತದೆ, ಮತ್ತು ವಸ್ತು ದೂರಕ್ಕೆ ಋಣ ಚಿಹ್ನೆ ಇರುತ್ತದೆ. 60, 20ರ ಅಳತೆಗೆ ಉತ್ತರ 30 ಬಂದರೆ ಋಣ ಚಿಹ್ನೆ ಬಿಟ್ಟಿದ್ದೀರಿ ಎಂದೇ ಅರ್ಥ. ಚಿಹ್ನೆಯ ಗೋಜು ಬೇಡದವರು ಎರಡೂ ದೂರಗಳ ಗುಣಲಬ್ಧವನ್ನು ಮೊತ್ತದಿಂದ ಭಾಗಿಸಿ ತಾಳೆ ನೋಡಿಕೊಳ್ಳಲಿ: 60 ಮತ್ತು 20.2ಕ್ಕೆ 15.1, 40 ಮತ್ತು 24ಕ್ಕೆ 15.0, 25 ಮತ್ತು 37.2ಕ್ಕೆ 14.95. ಸರಾಸರಿ 15.0. ಸರಾಸರಿ ತೆಗೆಯುವುದು ಈ ಕೊನೆಯ ಉತ್ತರಗಳದ್ದು. ವಸ್ತು ದೂರಗಳನ್ನೆಲ್ಲ ಕೂಡಿಸಿ, ಬಿಂಬ ದೂರಗಳನ್ನೆಲ್ಲ ಕೂಡಿಸಿ ಸರಾಸರಿ ಮಾಡಿ ಸೂತ್ರಕ್ಕೆ ಹಾಕಿದರೆ ಬರುವುದು ತಪ್ಪು ಉತ್ತರ.

ನಿಮ್ನ ದರ್ಪಣಕ್ಕೂ ಮೊದಲ ವಿಧಾನವೇ. ಬಿಂಬ ದರ್ಪಣದ ಮುಂದೆಯೇ ಬೀಳುವುದರಿಂದ ಪರದೆ ಬರುವ ಬೆಳಕಿಗೇ ಅಡ್ಡವಾಗುತ್ತದೆ. ಎರಡು ಬೆರಳಗಲದ ಕಾಗದದ ಪಟ್ಟಿ ಬಳಸಿ, ದರ್ಪಣವನ್ನು ತುಸು ಪಕ್ಕಕ್ಕೆ ಹೊರಳಿಸಿ.