ಹಳದಿ ಕಾಗದ, ಇಸ್ತ್ರಿ ಪೆಟ್ಟಿಗೆ, ಟ್ಯಾಂಕಿನ ಬೋರ್ಡು

ನಮ್ಮ ಮನೆ ಮೇಲಿನ ಟ್ಯಾಂಕಿನಲ್ಲಿ ನೀರೆಷ್ಟಿದೆ ಅಂತ ಅಡುಗೆಮನೆಯಲ್ಲೇ ತೋರಿಸುವ ಎಲ್‌ಇಡಿ ಬೋರ್ಡು ನಾನೇ ಮಾಡಿದ್ದು. ಎಲ್‌ಇಡಿ ಹೊತ್ತಿಸುವ ಒಂದು ಯುಎಲ್‌ಎನ್ 2003 ಐಸಿ (ಚಿಪ್), ಏಳು ಎಲ್‌ಇಡಿ, ಒಂದಿಷ್ಟು ರೆಸಿಸ್ಟರ್. ಇಷ್ಟಕ್ಕೆ ಪಿಸಿಬಿ, ಅಂದರೆ ತಾಮ್ರದ ಗೆರೆಗಳಿರುವ ಸರ್ಕ್ಯೂಟ್ ಬೋರ್ಡು, ಹೊರಗೆ ಮಾಡಿಸಿ ದಿನಗಟ್ಟಲೆ ಕಾಯುವ ತಾಳ್ಮೆ ನನಗಿಲ್ಲ. ಮನೆಯಲ್ಲೇ ಮಾಡುತ್ತೇನೆ: ಗೆರೆಗಳನ್ನು ಕಾಗದದ ಮೇಲೆ ಪ್ರಿಂಟ್ ತೆಗೆದು, ತಾಮ್ರ ಹೊದಿಸಿದ ಬೋರ್ಡಿಗೆ ಇಸ್ತ್ರಿ ಪೆಟ್ಟಿಗೆಯಿಂದ ಅಂಟಿಸಿ, ಉಳಿದ ತಾಮ್ರವನ್ನು ಕರಗಿಸುವುದು.

ಬೇಕಾದ್ದು ಟೋನರ್ ಟ್ರಾನ್ಸ್‌ಫರ್ ಕಾಗದ. ಹಳದಿ ಬಣ್ಣ, ಒಂದು ಮೈ ನುಣುಪು. ಆ ನುಣುಪು ಮೈಮೇಲೆ ಲೇಸರ್ ಪ್ರಿಂಟ್ ತೆಗೆಯಬೇಕು. ಟೋನರ್ ಅಂದರೆ ಪ್ಲಾಸ್ಟಿಕ್ ಪುಡಿ, ಬಿಸಿಗೆ ಕರಗಿ ತಾಮ್ರಕ್ಕೆ ಅಂಟುತ್ತದೆ. ಇಂಕ್‌ಜೆಟ್‌ನ ಶಾಯಿಗೆ ಆ ಗುಣ ಇಲ್ಲ. ಜೆರಾಕ್ಸ್ ಅಂಗಡಿಯವನು ಕಾಗದ ನೋಡಿ, "ಇದೇನ್ ಸಾರ್, ಗಾಳಿಪಟದ್ದಾ? ಒಳಗೆ ಸಿಕ್ಕಾಕ್ಕೊಂಡ್ರೆ?" ಅಂದ. ಪೂರ್ತಿ ಹಾಳೆಯನ್ನೇ ಕೊಟ್ಟೆ, ಸಲೀಸಾಗಿ ಹೊರಬಂತು. ತುಂಡಿಗೆ ಸೆಲೋಟೇಪ್ ಹಚ್ಚಿ ಮಾತ್ರ ಒಳಗೆ ಬಿಡಬೇಡಿ, ಬಿಸಿ ರೋಲರಿಗೆ ಅಂಟುತ್ತದೆ. ಟೋನರ್ ಉಳಿಸುವ ಸೆಟ್ಟಿಂಗ್ ತೆಗೆದು ಗಾಢವಾಗಿ ಪ್ರಿಂಟ್ ಮಾಡಿಸಿ.

ಮಿರರ್, ಅಂದರೆ ಚಿತ್ರವನ್ನು ಎಡಬಲ ತಿರುಗಿಸಿ ಪ್ರಿಂಟ್ ಮಾಡುವ ವಿಷಯದಲ್ಲೇ ನಾನು ಎಡವಿದ್ದು. ಬಿಡಿಭಾಗ ಒಂದು ಕಡೆ, ತಾಮ್ರ ಕೆಳಗಿನ ಕಡೆ ಇದ್ದರೆ ಬಾಟಮ್ ಲೇಯರನ್ನು (ವಿನ್ಯಾಸದಲ್ಲಿ ಕೆಳಗಿನ ಗೆರೆಗಳ ಪದರ) ಕಂಪ್ಯೂಟರ್ ತೆರೆಯ ಮೇಲೆ ಕಂಡ ಹಾಗೇ ಪ್ರಿಂಟ್ ಮಾಡಬೇಕು. ಕಾಗದ ಬೋರಲು ಬಿದ್ದಾಗ ತಾನೇ ತಿರುಗುತ್ತದೆ. ಅತಿ ಬುದ್ಧಿವಂತಿಕೆಯಿಂದ ಮಿರರ್ ಒತ್ತಿದೆ. ಐಸಿಯ 16 ಕಾಲೂ ತಿರುಗುಮುರುಗು! ಕೊನೆಗೆ ಅದನ್ನು ತಾಮ್ರದ ಕಡೆಯೇ ಕೂರಿಸಿ ಬೆಸುಗೆ ಹಾಕಿದೆ. ಈಗ ಬಾಟಮ್ ಲೇಯರಿನ ಮೂಲೆಯಲ್ಲಿ ಒಂದು ಅಕ್ಷರ ಬರೆದಿರುತ್ತೇನೆ: ಕಾಗದದಲ್ಲಿ ಉಲ್ಟಾ ಕಂಡರೆ ಸರಿ.

ಎಲ್ಲರೂ ಇಸ್ತ್ರಿ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಾರೆ, ಕೆಡುವುದು ತೊಳೆಯುವಲ್ಲಿ. ತಾಮ್ರವನ್ನು ಪಾತ್ರೆ ತಿಕ್ಕುವ ನಾರಿನಿಂದ ಹೊಸ ಚೊಂಬಿನ ಹಾಗೆ ಹೊಳೆಯುವವರೆಗೆ ಉಜ್ಜಿ, ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ. ಆಮೇಲೆ ಬೆರಳು ತಾಗಿಸಬೇಡಿ. ಕೈಯ ಜಿಡ್ಡು ಕೂತಲ್ಲಿ ಟೋನರ್ ಹಿಡಿಯುವುದಿಲ್ಲ.

ಪ್ರಿಂಟ್ ಆದ ಮೈಯನ್ನು ತಾಮ್ರದ ಮೇಲೆ ಬೋರಲು ಹಾಕಿ, ಇಸ್ತ್ರಿ ಪೆಟ್ಟಿಗೆಯನ್ನು ಕಾಟನ್‌ಗೆ ಇಟ್ಟು, ಸ್ಟೀಮ್ ಬಂದ್ ಮಾಡಿ, ಎರಡು ಮೂರು ನಿಮಿಷ ಒತ್ತಿ. ಅಂಚಿಗೆ ತುದಿಯಿಂದ ಒತ್ತಿ. ಜರುಗಿಸಿದರೆ ಗೆರೆ ಹರಡುತ್ತದೆ. ಬೋರ್ಡು ಪೂರ್ತಿ ಆರುವವರೆಗೆ ಕಾಗದಕ್ಕೆ ಕೈ ಹಚ್ಚಬೇಡಿ. ಒಂದು ಕಾಫಿ ಮುಗಿಸಿ ಬನ್ನಿ. ಆರಿದ ಮೇಲೆ ಒಣಗಿದ್ದಂತೆಯೇ ಸುಲಿದು ಬರುತ್ತದೆ, ನೆನೆಹಾಕಬೇಕಾಗಿಲ್ಲ. ಗೆರೆ ತುಂಡಾಗಿದ್ದರೆ ಪರ್ಮನೆಂಟ್ ಮಾರ್ಕರ್‌ನಿಂದ ಕೂಡಿಸಿ.

ಟೋನರ್ ಇಲ್ಲದ ಕಡೆಯ ತಾಮ್ರವನ್ನು ಕರಗಿಸುವ ಫೆರಿಕ್ ಕ್ಲೋರೈಡ್‌ಗೆ ಪ್ಲಾಸ್ಟಿಕ್ ಡಬ್ಬಿಯೇ ಬೇಕು, ಸ್ಟೀಲನ್ನು ಅದು ತಿನ್ನುತ್ತದೆ. ಪುಡಿಯಾದರೆ ನೀರಿಗೆ ಪುಡಿ ಸ್ವಲ್ಪಸ್ವಲ್ಪವಾಗಿ ಹಾಕಿ, ಪುಡಿಗೆ ನೀರು ಸುರಿಯಬೇಡಿ, ಬಹಳ ಬಿಸಿಯಾಗುತ್ತದೆ. ಕೈಗವಸು, ಕನ್ನಡಕ, ತೆರೆದ ಕಿಟಕಿ. ಡಬ್ಬಿಯನ್ನು ಬಿಸಿನೀರಿನ ಬೇಸಿನ್ನಿನಲ್ಲಿಟ್ಟು ತೊಟ್ಟಿಲಿನಂತೆ ತೂಗುತ್ತಿದ್ದರೆ ತಾಮ್ರ ಬೇಗ ಕರಗುತ್ತದೆ. ನನ್ನ ಬಿಳಿ ಪಂಚೆಗೆ ಬಿದ್ದ ಕಂದು ಹನಿ ಇವತ್ತಿಗೂ ಹೋಗಿಲ್ಲ. ಉಳಿದ ದ್ರಾವಣ ಇನ್ನೊಂದು ಬೋರ್ಡಿಗೂ ಆಗುತ್ತದೆ. ಸಿಂಕಿಗಂತೂ ಸುರಿಯಬೇಡಿ, ಕರಗಿದ ತಾಮ್ರ ಮೀನಿಗೆ ವಿಷ.

ಟೋನರನ್ನು ಅಸಿಟೋನ್‌ನಿಂದ ಒರೆಸಿ. ರೆಸಿಸ್ಟರ್, ಐಸಿಗೆ 0.8 ಮಿ.ಮೀ. ತೂತು, ಕನೆಕ್ಟರಿಗೆ 1 ಮಿ.ಮೀ. ಕೊರೆಯುವಾಗ ಏಳುವ ಗಾಜಿನ ಧೂಳಿಗೆ ಮಾಸ್ಕ್ ಇರಲಿ. ಬೆಸುಗೆಗೆ ಮುಂಚೆ ಪಕ್ಕಪಕ್ಕದ ಗೆರೆಗಳಿಗೆ ಮಲ್ಟಿಮೀಟರ್ ಮುಟ್ಟಿಸಿ ನೋಡಿ. ಕೂದಲಿನಷ್ಟು ತಾಮ್ರ ಉಳಿದಿದ್ದರೂ ಬೀಪ್ ಅನ್ನುತ್ತದೆ, ಬ್ಲೇಡಿನಿಂದ ಕೆರೆದರೆ ಸುಮ್ಮನಾಗುತ್ತದೆ.