ಹಾಲಿನ ಲೆಕ್ಕದ ಪಕ್ಕ ನೋವಿನ ಲೆಕ್ಕ: ಮನೆಯವರು ನಂಬುವ ಹಾಗೆ ಕಾಯಿಲೆ ಹೇಳುವುದು ಹೇಗೆ?

"ಅಮ್ಮ, ತಲೆನೋವು."

"ಆ ಮೊಬೈಲ್ ಕೆಳಗಿಡು, ತಾನೇ ಹೋಗುತ್ತೆ."

ನಮ್ಮ ದಾವಣಗೆರೆ ಕಡೆ ಈ ಮಾತು ನಡೆಯದ ಮನೆ ಇದ್ದೀತೇ? ಹೈಸ್ಕೂಲು, ಪಿಯುಸಿ ಓದುವ ಮಕ್ಕಳು ಏನೇ ಹೇಳಿಕೊಂಡರೂ ಮನೆಯಲ್ಲಿ ಉತ್ತರ ಸಿದ್ಧವಾಗಿರುತ್ತದೆ. ಸುಸ್ತು ಅಂದರೆ "ಹೊತ್ತಿಗೆ ಸರಿಯಾಗಿ ಉಣ್ಣಲ್ಲ". ಹೊಟ್ಟೆನೋವು ಅಂದರೆ "ಟೆಸ್ಟ್ ಐತೇನು ಇವತ್ತು?". ತಲೆಸುತ್ತು ಅಂದರೆ "ದೃಷ್ಟಿ ಆಗೈತಿ, ಬಾ ನೀವಾಳಿಸ್ತೀನಿ".

ನಾನು ಇಪ್ಪತ್ತೆಂಟು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳು. ಆದರೂ ನನ್ನ ಮಗಳು ಎಂಟನೇ ಕ್ಲಾಸಿನಲ್ಲಿದ್ದಾಗ ವರ್ಷವಿಡೀ ತಲೆನೋವು ತಲೆನೋವು ಅಂದರೆ, "ಓದೋ ಹೊತ್ತಿಗೇ ಬರುತ್ತಲ್ಲ ನಿನ್ನ ತಲೆನೋವು" ಎಂದು ಗದರಿದವಳೂ ನಾನೇ. ಓದುವ ಹೊತ್ತಿಗೇ ಬರುತ್ತದೆ ಎನ್ನುವುದೇ ಸುಳಿವು ಎಂದು ಹೊಳೆಯಲಿಲ್ಲ. ಕೊನೆಗೂ ಕಣ್ಣು ತೋರಿಸಿದಾಗ ಎರಡೂ ಕಣ್ಣಿಗೆ ಮೈನಸ್ ಎರಡು. ಕನ್ನಡಕ ಹಾಕಿಕೊಂಡು ಅಂಗಡಿಯಿಂದ ಇಳಿದವಳು, ದೂರದಲ್ಲಿ ಬರುತ್ತಿದ್ದ ಬಸ್ಸಿನ ಬೋರ್ಡು ನೋಡಿ "ಹೊನ್ನಾಳಿ" ಎಂದು ಗಟ್ಟಿಯಾಗಿ ಓದಿದಳು. ಆ ದಿನ ನನ್ನ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

ಹಾಗಾಗಿ ಇದನ್ನು ಮಕ್ಕಳಿಗಾಗಿ ಬರೆಯುತ್ತಿದ್ದೇನೆ. ಕ್ಲಾಸಿನಲ್ಲಿ ಮಾತಾಡಿದ ಹಾಗೆ ನೀನು ಎಂದೇ ಕರೆಯುತ್ತೇನೆ. ಕೇಳದೇ ಹೋದ ತಾಯಿಯೊಬ್ಬಳಿಗೆ ಯಾವ ರೀತಿ ಹೇಳಿದ್ದರೆ ಕಿವಿ ತೆರೆಯುತ್ತಿತ್ತು ಎನ್ನುವುದು ನನಗೆ ಚೆನ್ನಾಗಿ ಗೊತ್ತು.

ಇವು ಕಂಡರೆ ಹೊತ್ತು ನೋಡಬೇಡ

ಮುಂದೆ ಹೇಳುವ ಹೆಜ್ಜೆಗಳೆಲ್ಲ ವಾರ, ತಿಂಗಳಿಂದ ಕಾಡುವ ತೊಂದರೆಗೆ. ಕೆಲವು ತೊಂದರೆಗಳಿಗೆ ಅಷ್ಟು ಸಮಯ ಇರುವುದಿಲ್ಲ. ಹೊಕ್ಕುಳ ಸುತ್ತ ಶುರುವಾದ ನೋವು ಬಲಗಡೆ ಕೆಳಹೊಟ್ಟೆಗೆ ಇಳಿದು, ವಾಂತಿ ಜ್ವರ ಜೊತೆಯಾದರೆ ಅಪೆಂಡಿಕ್ಸ್ ಇರಬಹುದು. ವಿಪರೀತ ಬಾಯಾರಿಕೆ, ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳುವುದು, ಉಂಡರೂ ತೂಕ ಇಳಿಯುವುದು, ಇವು ಮೂರೂ ಕೂಡಿ ಬಂದರೆ ಅವತ್ತೇ ರಕ್ತದ ಸಕ್ಕರೆ ನೋಡಿಸಬೇಕು. ಸಕ್ಕರೆ ಕಾಯಿಲೆ ವಯಸ್ಸಾದವರದು ಎಂದು ಮನೆಯಲ್ಲಿ ಅಂದುಕೊಂಡಿರುತ್ತಾರೆ. ಮಕ್ಕಳಿಗೂ ಬರುತ್ತದೆ, ಬಂದಾಗ ಇನ್ಸುಲಿನ್ ಇಲ್ಲದೆ ಕೆಲವೇ ದಿನಗಳಲ್ಲಿ ಪ್ರಾಣಕ್ಕೆ ಕುತ್ತಾಗುತ್ತದೆ.

ಹುಡುಗರಿಗೆ ಒಂದು ಮಾತು, ನಾಚಿಕೆ ಬಿಟ್ಟು ಕೇಳು. ಬೀಜದಲ್ಲಿ ತಟ್ಟನೆ ಜೋರು ನೋವು ಬಂದರೆ ಅದು ಒಳಗೇ ತಿರುಚಿಕೊಂಡು ರಕ್ತ ನಿಂತಿರಬಹುದು. ಆರು ಗಂಟೆಯೊಳಗೆ ಆಪರೇಷನ್ ಆದರೆ ಸಾಮಾನ್ಯವಾಗಿ ಉಳಿಯುತ್ತದೆ, ತಡವಾದಷ್ಟೂ ಕಳೆದುಕೊಳ್ಳುವ ಭಯ. ರಾತ್ರಿ ಎರಡು ಗಂಟೆಯಾದರೂ ಅಪ್ಪನನ್ನು ಎಬ್ಬಿಸು. "ಹೊಟ್ಟೆನೋವು" ಎಂದು ಮರೆಮಾಚಬೇಡ, ಎಲ್ಲಿ ನೋವೋ ಅದನ್ನೇ ಹೇಳು. ಅಪ್ಪ ಇಲ್ಲವೇ, ಮಾವನಿಗೋ ಅಣ್ಣನಿಗೋ ಹೇಳು.

ಪ್ರಜ್ಞೆ ತಪ್ಪುವುದು, ಉಸಿರಾಡಲು ಕಷ್ಟ, ಮೂರ್ಛೆ ಬಂದಾಗ 108. ಬದುಕೇ ಬೇಡ ಅನ್ನಿಸುತ್ತಿದ್ದರೆ ಅದೂ ತುರ್ತೇ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲಿರುಳು ಯಾವಾಗ ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಮೊದಲು ಬರೆದಿಡು

ನಿಮ್ಮ ಅಡುಗೆಮನೆಯ ಗೋಡೆಗೆ ಒಂದು ಕ್ಯಾಲೆಂಡರ್ ಇರುತ್ತದೆ. ಹಾಲು ಎಷ್ಟು ಲೀಟರ್ ಬಂತು, ಗ್ಯಾಸ್ ಯಾವಾಗ ಹಚ್ಚಿದ್ದು, ಸಂಘದ ಕಂತು ಯಾವಾಗ, ಎಲ್ಲ ಅದರ ಮೇಲೆ. ಹಾಲಿನವನು ಎಷ್ಟೇ ವಾದಿಸಲಿ, ಅಮ್ಮ ನಂಬುವುದು ಆ ಕ್ಯಾಲೆಂಡರನ್ನೇ. ನಿನ್ನ ನೋವೂ ಅಲ್ಲಿಗೆ ಹೋಗಬೇಕು. ಎಲ್ಲರ ಕಣ್ಣಿಗೆ ಬೀಳುವುದು ಬೇಡ ಅನ್ನಿಸಿದರೆ ನೋಟ್‌ಬುಕ್ಕಿನ ಕೊನೆಯ ಹಾಳೆ ಆದೀತು. ತಾರೀಖು ಮಾತ್ರ ತಪ್ಪಬಾರದು.

ನನ್ನ ಕ್ಲಾಸಿನಲ್ಲಿ ಒಬ್ಬ ಹುಡುಗಿ ಇದ್ದಳು, ಒಂಬತ್ತನೇ ತರಗತಿ. ತುಟಿ ಬಿಳಿಚಿಕೊಂಡಿರುತ್ತಿತ್ತು. ಪಾಠ ಕೇಳುತ್ತಲೇ ಬಳಪ ಕಡಿದು ತಿನ್ನುತ್ತಿದ್ದಳು. ಬೈದರೆ ಮುಚ್ಚಿಟ್ಟುಕೊಂಡು ತಿನ್ನುತ್ತಿದ್ದಳು. ಬಳಪ, ಮಣ್ಣು, ಹಸಿ ಅಕ್ಕಿ ತಿನ್ನಬೇಕು ಅನ್ನಿಸುವುದು ಎಷ್ಟೋ ಸಲ ಮೈಯಲ್ಲಿ ಕಬ್ಬಿಣಾಂಶ ಕಡಿಮೆಯಾದುದರ ಗುರುತು. ಮನೆಯಲ್ಲಿ ಹೇಳು ಅಂದರೆ, "ಹೇಳೀನಿ ಮಿಸ್, ಎಲ್ಲಾರಿಗೂ ಸುಸ್ತಾಗತೈತಿ ಅಂತಾರೆ" ಅಂದಳು. ಅವಳ ತಾಯಿ ಮೆಕ್ಕೆಜೋಳದ ಕೂಲಿಗೆ ಹೋಗುವವಳು, ಸುಸ್ತು ಅಂದರೆ ಏನೆಂದು ಅವಳಿಗಿಂತ ಬಲ್ಲವರು ಯಾರು? ಒಂದು ತಿಂಗಳು ಬರೆದು ತಾ ಅಂದೆ. ತಂದದ್ದು ಹೀಗಿತ್ತು:

3 – ಪ್ರೇಯರ್‌ನಾಗೆ ಕಣ್ಣು ಕತ್ತಲೆ ಬಂತು, ಕುಂತುಬಿಟ್ಟೆ.
7 – ಮೆಟ್ಟಿಲು ಹತ್ತಬೇಕಾದರೆ ಎರಡು ಸಲ ನಿಂತೆ. ಎದೆ ಡವಡವ.
11ರಿಂದ 19 – ಡೇಟ್. ಎರಡನೇ ದಿನ 7 ಪ್ಯಾಡ್.
14 – ಸ್ಕೂಲಿಗೆ ಹೋಗಲಿಲ್ಲ.
22 – ನೀರಿನ ಕೊಡ ಎತ್ತಾಕೆ ಆಗಲಿಲ್ಲ, ತಂಗಿ ತಂದಳು.

ನಾಲ್ಕನೇ ಕ್ಲಾಸಿನವರೆಗೆ ಓದಿದ ಆ ತಾಯಿ ಹಾಳೆಯ ಮೇಲೆ ಬೆರಳಿಟ್ಟು ಓದಿದಳಂತೆ. "ಒಂಬತ್ತು ದಿನಾನಾ?" ಅಂದಳಂತೆ, ಅಷ್ಟೇ. ಮಾರನೇ ದಿನ ಕೂಲಿ ಬಿಟ್ಟು ಮಗಳನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದಳು. ಹಿಮೋಗ್ಲೋಬಿನ್ 7.4 ಬಂತು. ಆ ವಯಸ್ಸಿನ ಹುಡುಗಿಗೆ 12 ಇರಬೇಕು, 8ಕ್ಕಿಂತ ಕೆಳಗೆ ಇಳಿದರೆ ತೀವ್ರ ರಕ್ತಹೀನತೆ. ಅಲ್ಲಿಂದ ಜಿಲ್ಲಾ ಆಸ್ಪತ್ರೆಗೆ ಕಳಿಸಿದರು.

ಆ ಹಾಳೆಯಲ್ಲಿ "ತುಂಬಾ ಸುಸ್ತು" ಎಂಬ ಮಾತೇ ಇಲ್ಲ, ನೋಡು. ನಿಂತದ್ದು, ಕೂತದ್ದು, ಎತ್ತಲಾಗದ್ದು, ಲೆಕ್ಕ. ಬರೆಯುವಾಗ ಯಾವ ದಿನ, ಎಷ್ಟು ಹೊತ್ತು, ಆಗ ಯಾವ ಕೆಲಸ ನಿಂತುಹೋಯಿತು ಎನ್ನುವುದಿರಲಿ. ಮುಟ್ಟಿನ ಲೆಕ್ಕ ತಪ್ಪದೆ ಬರೆ. ಏಳು ದಿನ ಮೀರಿದರೆ, ಒಂದೆರಡು ಗಂಟೆಗೇ ಪ್ಯಾಡ್ ತೊಯ್ದರೆ, ನೋವಿಗೆ ತಿಂಗಳು ತಿಂಗಳೂ ಶಾಲೆ ತಪ್ಪಿದರೆ ಡಾಕ್ಟರಿಗೆ ತೋರಿಸಲೇಬೇಕು. "ನಮ್ಮ ಕಾಲದಾಗೂ ಹಿಂಗೇ ಇತ್ತು" ಎಂದು ಅಜ್ಜಿ ಅನ್ನಬಹುದು. ಅಜ್ಜಿಯ ಕಾಲದಲ್ಲಿ ಅವರ ರಕ್ತ ಯಾರು ಪರೀಕ್ಷೆ ಮಾಡಿದ್ದರು?

ಒಬ್ಬಿಬ್ಬರ ಕಥೆಯಲ್ಲ ಇದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ 59 ಮಂದಿಗೆ, ಹುಡುಗರಲ್ಲಿ ಶೇ 31 ಮಂದಿಗೆ ರಕ್ತಹೀನತೆ ಇತ್ತು. ಇಷ್ಟು ಜನಕ್ಕಿದೆ ಎಂದೇ ಅದು ಮನೆಯಲ್ಲಿ ಕಾಯಿಲೆಯಾಗಿ ಕಾಣುವುದಿಲ್ಲ.

ತಳ್ಳಿಹಾಕುವವರ ಮನಸ್ಸಿನಲ್ಲಿ ಏನಿದೆ

ಬಹಳ ಸಲ ಭಯ ಇರುತ್ತದೆ. ಆಸ್ಪತ್ರೆ ಎಂದ ಕೂಡಲೇ ಅಪ್ಪಾಜಿಯ ತಲೆಯಲ್ಲಿ ಸ್ಕ್ಯಾನಿಂಗ್, ಟೆಸ್ಟು, ಸಾವಿರಗಳ ಲೆಕ್ಕ ಓಡುತ್ತದೆ. ಹುಡುಗಿಯಾದರೆ ಅಮ್ಮನಿಗೆ "ನಾಳೆ ಮದುವೆ ಆಗೋಳು, ನಾಲ್ಕು ಮಂದಿಗೆ ಗೊತ್ತಾದ್ರೆ" ಎಂಬ ಚಿಂತೆ. ಕೆಲವರಿಗೆ ದೊಡ್ಡ ಕಾಯಿಲೆಯ ಹೆಸರು ಕೇಳಬೇಕಾದೀತು ಎನ್ನುವ ಅಂಜಿಕೆಯೇ ಸಾಕು. ಈ ಮೂರರಲ್ಲಿ ನಿಮ್ಮ ಮನೆಯದು ಯಾವುದು ಎಂದು ಯೋಚಿಸು. ದುಡ್ಡಿನ ಚಿಂತೆಯ ಅಪ್ಪನಿಗೆ ನೋವನ್ನು ಇನ್ನಷ್ಟು ಬಣ್ಣಿಸಿ ಹೇಳಿದರೆ ಅವರು ಇನ್ನಷ್ಟು ಗದರುತ್ತಾರೆ. ಅವರಿಗೆ ಹೇಳಬೇಕಾದದ್ದು: ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಊರಿನಲ್ಲಿರುವ ಸರ್ಕಾರದ "ನಮ್ಮ ಕ್ಲಿನಿಕ್"ನಲ್ಲಿ ದುಡ್ಡು ಕೊಡದೆ ತೋರಿಸಬಹುದು, ಹಿಮೋಗ್ಲೋಬಿನ್ ನೋಡಿಸಬಹುದು. ಅಲ್ಲಿ ಆಗದಿದ್ದರೆ ದಾವಣಗೆರೆಯಲ್ಲಿ ಸಿ.ಜಿ. ಆಸ್ಪತ್ರೆ ಎಂದು ನಾವೆಲ್ಲ ಕರೆಯುವ ಚಿಗಟೇರಿ ಜಿಲ್ಲಾ ಆಸ್ಪತ್ರೆ ಇದೆ, ದುರ್ಗದವರಿಗೆ ಅಲ್ಲಿಯದೇ ಜಿಲ್ಲಾ ಆಸ್ಪತ್ರೆ ಇದೆ. ಬಿಪಿಎಲ್ ಕಾರ್ಡು, ಆಧಾರ್ ಜೊತೆಗಿರಲಿ. ಎರಡು ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆ, ಟಿಬಿ ಎಂದಾದರೆ ಪೂರ್ತಿ ಔಷಧಿ, ಎರಡೂ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ.

ಹೊತ್ತು ನೋಡಿ ಹೇಳು

ಬೆಳಿಗ್ಗೆ ಏಳೂವರೆಗೆ, ಅಮ್ಮ ಒಂದು ಕೈಯಲ್ಲಿ ರೊಟ್ಟಿ ಬಡಿಯುತ್ತ ಇನ್ನೊಂದು ಕೈಯಲ್ಲಿ ಡಬ್ಬಿ ಕಟ್ಟುವಾಗ ಹೇಳಿದ ಕಾಯಿಲೆಗೆ "ಸ್ಕೂಲು ತಪ್ಪಿಸಾಕೆ" ಎಂಬ ಹೆಸರು ಖಂಡಿತ. ಶನಿವಾರ ಸಂಜೆಯೋ ಭಾನುವಾರವೋ, ಊಟ ಮುಗಿದು ಪಾತ್ರೆ ತೊಳೆದ ಮೇಲೆ ಹೇಳು. ರಜೆಯ ದಿನ ಹೇಳಿದ ನೋವಿಗೆ ಕಳ್ಳಾಟದ ಅನುಮಾನ ಅಂಟುವುದಿಲ್ಲ. ಮೊಬೈಲು ಬೇರೆ ಕೋಣೆಯಲ್ಲಿ ಬಿಟ್ಟು ಬಾ. ಹಾಳೆ ಕೈಯಲ್ಲಿರಲಿ.

ಏನು ಬೇಕೋ ಅದನ್ನೇ ಕೇಳು

"ನನ್ನ ಬಗ್ಗೆ ನಿಮಗೆ ಕಾಳಜೀನೇ ಇಲ್ಲ" ಎಂದು ಶುರು ಮಾಡಿದರೆ ಮಾತು ಕಾಳಜಿಯ ಬಗ್ಗೆ ತಿರುಗುತ್ತದೆ, ನಿನ್ನ ಹೊಟ್ಟೆನೋವು ಅಲ್ಲೇ ಉಳಿಯುತ್ತದೆ. ಇಂಟರ್ನೆಟ್ಟಿನಲ್ಲಿ ಓದಿ ಕಾಯಿಲೆಯ ಹೆಸರನ್ನೂ ಹೇಳಬೇಡ. ಹೆಸರಿಗೆ ಮನೆಯವರು ಹೆದರುತ್ತಾರೆ, ಇಲ್ಲವೇ ನಂಬುವುದಿಲ್ಲ. ಆಗಿದ್ದನ್ನು ಹೇಳು, ಆಮೇಲೆ ಒಂದೇ ಒಂದು ಕೆಲಸ ಕೇಳು:

"ಅಮ್ಮ, ಈ ತಿಂಗಳು ನಾಲ್ಕು ಸಲ ಹಿಂಗಾಗೈತಿ, ಬರದಿಟ್ಟೀನಿ ನೋಡು. ಒಂದು ಸಲ ರಕ್ತ ಪರೀಕ್ಷೆ ಮಾಡಿಸೋಣ. ಏನೂ ಇಲ್ಲ ಅಂತ ಬಂದ್ರೆ ನಂಗೂ ಧೈರ್ಯ ಆಗತೈತಿ."

"ನೋಡೋಣ" ಎಂಬ ಉತ್ತರ ಬರುತ್ತದೆ. ಆಗ ಮುನಿಸಿಕೊಂಡು ಎದ್ದು ಹೋಗಬೇಡ. "ಬುಧವಾರ ಹೋಗೋಣವಾ, ಶನಿವಾರವಾ?" ಎಂದು ಕೇಳಿ, ಹೇಳಿದ ದಿನವನ್ನು ಅಮ್ಮನ ಎದುರಿಗೇ ಕ್ಯಾಲೆಂಡರಿನಲ್ಲಿ ಗುರುತು ಮಾಡು. ಸಿಟ್ಟಿನಿಂದಲೋ ಬೇಸರದಿಂದಲೋ ಮೆಡಿಕಲ್ ಶಾಪಿಗೆ ಹೋಗಿ ನೋವಿನ ಮಾತ್ರೆ ತಂದು ಗುಟ್ಟಾಗಿ ನುಂಗುವ ಮಕ್ಕಳನ್ನು ಬಹಳ ನೋಡಿದ್ದೇನೆ. ಬೇಡ. ನೋವು ಅಡಗುತ್ತದೆ, ಕಾರಣ ಒಳಗೇ ಬೆಳೆಯುತ್ತದೆ.

ನಡುವೆ ಒಬ್ಬರನ್ನು ಕರೆ

ಎರಡು ಸಲ ಹೇಳಿಯೂ ಆಗದಿದ್ದರೆ ಅಪ್ಪ ಅಮ್ಮ ಯಾರ ಮಾತು ತೆಗೆದುಹಾಕುವುದಿಲ್ಲವೋ ಅವರ ಹತ್ತಿರ ಹೋಗು. ಕೆಲವು ಮನೆಗಳಲ್ಲಿ ದೊಡ್ಡಪ್ಪ, ಕೆಲವು ಕಡೆ ಸೋದರತ್ತೆ, ಎಷ್ಟೋ ಕಡೆ ಚಿಕ್ಕಮ್ಮ. ಅವರಿಗೂ ಅದೇ ಹಾಳೆ ತೋರಿಸು. ಓಣಿಯ ಆಶಾ ಕಾರ್ಯಕರ್ತೆ ಇನ್ನೂ ಒಳ್ಳೆಯ ದಾರಿ. ಹೆರಿಗೆ, ಚುಚ್ಚುಮದ್ದು ಅಂತ ಅವರು ನಿಮ್ಮ ಮನೆಗೆ ಬಂದು ಹೋಗಿ ಮಾಡಿದವರೇ ಆಗಿರುತ್ತಾರೆ. "ಅಕ್ಕ, ನಮ್ಮ ಅಮ್ಮಗೆ ನೀವೊಂದು ಮಾತು ಹೇಳ್ರಿ" ಅಂದರೆ ಸಾಕು.

ಶಾಲೆಯಲ್ಲೂ ದಾರಿಯಿದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ವರ್ಷಕ್ಕೊಮ್ಮೆ ಸರ್ಕಾರಿ, ಅನುದಾನಿತ ಶಾಲೆಗಳಿಗೆ ಬರುತ್ತದೆ, 18 ವರ್ಷದವರೆಗಿನ ಮಕ್ಕಳನ್ನು ನೋಡುತ್ತದೆ. ಅವತ್ತು ಸಾಲಿನಲ್ಲಿ ಸುಮ್ಮನೆ ತೂಕ, ಎತ್ತರ ಕೊಟ್ಟು ಬರಬೇಡ, ಬಾಯಿ ಬಿಟ್ಟು ಹೇಳು. ಅವರು ಬರೆದುಕೊಟ್ಟ ಚೀಟಿಗೆ ಮನೆಯಲ್ಲಿ ನಿನ್ನ ಮಾತಿಗಿಂತ ಹೆಚ್ಚು ತೂಕ ಇರುತ್ತದೆ. ಬೇಸರವೇ ಆದರೂ ಅದು ನಿಜ, ಬಳಸಿಕೋ. ಸರ್ಕಾರಿ ಆಸ್ಪತ್ರೆಗಳಲ್ಲಿ 10ರಿಂದ 19 ವರ್ಷದವರಿಗೆಂದೇ ಸ್ನೇಹ ಕ್ಲಿನಿಕ್ ನಡೆಸುತ್ತಾರೆ. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಯಾವ ದಿನ ಎಂದು ಆಶಾ ಅಕ್ಕನನ್ನೇ ಕೇಳು. ಮುಟ್ಟು, ಮೊಡವೆ, ನಿದ್ದೆ ಬಾರದ್ದು, ಮನಸ್ಸಿನ ಕಸಿವಿಸಿ ಯಾವುದನ್ನಾದರೂ ಅಲ್ಲಿ ಮಾತಾಡಬಹುದು.

ಯಾರೂ ಕೇಳದಿದ್ದರೆ, ಕಾಯಿಲೆ ಎಂದು ಹೇಳಿದ್ದಕ್ಕೇ ಹೊಡೆತ ಬೀಳುವ ಮನೆಯಾದರೆ, 1098 ಮಕ್ಕಳ ಸಹಾಯವಾಣಿ.

ಡಾಕ್ಟರ ಮುಂದೆ

ಇಷ್ಟೆಲ್ಲ ಮಾಡಿ ಒಳಗೆ ಹೋದ ಮೇಲೆ ಬಹಳ ಮಕ್ಕಳು ಮೂಕರಾಗಿಬಿಡುತ್ತಾರೆ. ಡಾಕ್ಟರು ಏನು ತೊಂದರೆ ಅಂದರೆ ಅಮ್ಮನೇ ಉತ್ತರ ಕೊಡುತ್ತಾರೆ: "ಏನೂ ತಿನ್ನಲ್ಲ ಸಾರ್ ಇವ್ಳು." ಹಾಳೆಯನ್ನು ಮೇಜಿನ ಮೇಲಿಡು. ಸಾಲು ದೊಡ್ಡದಿರುತ್ತದೆ, ನಿನಗೆ ಸಿಗುವುದು ಎರಡು ಮೂರು ನಿಮಿಷ, ಅಷ್ಟರಲ್ಲಿ ಡಾಕ್ಟರಿಗೆ ಬೇಕಾದದ್ದು ಅದರಲ್ಲಿದೆ. ಅಮ್ಮನೆದುರು ಹೇಳಲಾಗದ್ದು ಇದ್ದರೆ "ಸ್ವಲ್ಪ ಒಬ್ಬಳೇ ಮಾತಾಡಬಹುದಾ ಮೇಡಂ" ಎಂದು ಕೇಳು, ತಪ್ಪಿಲ್ಲ. ಎದ್ದು ಬರುವ ಮುಂಚೆ ಮೂರು ಪ್ರಶ್ನೆ ಕೇಳು: ಇದು ಏನಿರಬಹುದು, ಮಾತ್ರೆ ಎಷ್ಟು ದಿನ, ಮತ್ತೆ ಯಾವಾಗ ಬರಬೇಕು.

ಕಬ್ಬಿಣದ ಮಾತ್ರೆ ಕೊಟ್ಟರೆ ಟೀ, ಹಾಲಿನ ಜೊತೆ ತಗೋಬೇಡ, ನಿಂಬೆ ಶರಬತ್ತಿನ ಜೊತೆ ಒಳ್ಳೆಯದು. ಮಲ ಕಪ್ಪಗಾಗುತ್ತದೆ, ಗಾಬರಿ ಬೇಡ. ಆ ಹುಡುಗಿ ಮೂರನೇ ದಿನಕ್ಕೇ ಹೆದರಿ ಮಾತ್ರೆ ಬಿಟ್ಟಿದ್ದಳು, ತಿಳಿಸಿ ಹೇಳಿದ ಮೇಲೆ ಮತ್ತೆ ಶುರು ಮಾಡಿದಳು. ಮಾತ್ರೆ ಹಿಡಿದರೆ ತಿಂಗಳಲ್ಲಿ ಹಿಮೋಗ್ಲೋಬಿನ್ ಒಂದು ಗ್ರಾಂನಷ್ಟು ಏರಬೇಕು. ಏರದಿದ್ದರೆ ಬೇರೆ ಕಾರಣ ಹುಡುಕಬೇಕಾಗುತ್ತದೆ, ಅದಕ್ಕೇ ಎರಡನೇ ಸಲದ ಪರೀಕ್ಷೆ ತಪ್ಪಿಸಬಾರದು. ಮೊದಲ ಸಲ ಕರೆದುಕೊಂಡು ಹೋದ ಅಪ್ಪ ಅಮ್ಮ ಎರಡನೇ ಸಲಕ್ಕೆ "ಈಗ ಆರಾಮಿದ್ದೀಯಲ್ಲ" ಅನ್ನುತ್ತಾರೆ. ಅದಕ್ಕೆ ಆಸ್ಪತ್ರೆಯಿಂದ ಬಂದ ದಿನವೇ, ಚಪ್ಪಲಿ ಬಿಟ್ಟವಳು ನೇರ ಅಡುಗೆಮನೆಗೆ ಹೋಗಿ ಕ್ಯಾಲೆಂಡರಿನ ಮುಂದಿನ ತಿಂಗಳ ಹಾಳೆ ಎತ್ತಿ, ಡಾಕ್ಟರು ಹೇಳಿದ ತಾರೀಖಿಗೆ ಸುತ್ತು ಹಾಕು. ಪಕ್ಕದಲ್ಲಿ ಇವತ್ತಿನ ಹಿಮೋಗ್ಲೋಬಿನ್ ಎಷ್ಟಿತ್ತು ಅದನ್ನೂ ಬರೆ.