ಮುರಕಲ್ಲಿನ ಇಗರ್ಜಿಗೆ ಸುಣ್ಣದ ಗಾರೆ, ನನ್ನ ಅನುಭವ

ಎರಡು ಮಳೆಗಾಲ ಕಳೀತು, ಮುಂದಿನ ಗೋಡೆಯಲ್ಲಿ ಒಂದು ಚಕ್ಕೆ ಎದ್ದಿಲ್ಲ, ಅದಕ್ಕೇ ಈಗ ಬರೀತಾ ಇದ್ದೇನೆ. "ಈ ಮಳೆಗೆ ಸುಣ್ಣ ಎಲ್ಲಿ ನಿಲ್ತದೆ ಮಾರಾಯ್ರೆ" ಅಂದವರೆಲ್ಲ ಬಂದು ಮುಟ್ಟಿ ನೋಡ್ಲಿ.

ಉಡುಪಿ ಕಡೆ ಸಣ್ಣ ಪೇಟೆಯ ಇಗರ್ಜಿ, ಅಂದ್ರೆ ಚರ್ಚು. ಟಿಪ್ಪು ಕಾಲದಲ್ಲಿ ಕೆಡವಿದ್ದನ್ನ 1799 ಆದ್ಮೇಲೆ ಮತ್ತೆ ಕಟ್ಟಿದ್ರಲ್ಲ, ಆ ಸಾಲಿನದ್ದು. ಎರಡೂವರೆ ಅಡಿ ದಪ್ಪದ ಮುರಕಲ್ಲಿನ (ಕೆಂಪು ಲ್ಯಾಟರೈಟ್ ಕಲ್ಲು) ಗೋಡೆ, ಮೇಲಿನ ಮಂಗಳೂರು ಹಂಚು ಏನಿದ್ರೂ 1865ರಲ್ಲಿ ಜೆಪ್ಪುವಲ್ಲಿ ಬಾಸೆಲ್ ಮಿಶನ್ ಫ್ಯಾಕ್ಟರಿ ಶುರುವಾದ ನಂತರದ್ದು. ಹಿಂದೆ ಯಾರೋ ಕಂಟ್ರಾಕ್ಟರು ಸಿಮೆಂಟ್ ಬಳಿದು ಪ್ಲಾಸ್ಟಿಕ್ ಪೈಂಟ್ ಹೊಡೆದಿದ್ರು. ಕಲ್ಲು ಕುಡಿದ ನೀರಿಗೆ ಹೊರಗೆ ಬರ್ಲಿಕ್ಕೆ ದಾರಿಯೇ ಇಲ್ಲ, ಸಿಮೆಂಟ್ ಎಬ್ಬಿಸಿದ್ರೆ ಹಿಂದೆ ಒದ್ದೆ ಹುಡಿ, ಬೆರಳಲ್ಲೇ ಕೆರೆದು ತೆಗೀಬಹುದು.

ಅದನ್ನ ಕೆತ್ತಲಿಕ್ಕೇ ಅರ್ಧ ದುಡ್ಡು ಹೋಯ್ತು. ಗೋಡೆಗಂಬದ ಉಬ್ಬು, ಮೇಲಿನ ಅಂಚುಪಟ್ಟಿ ಒಡೀಬಾರ್ದು ಅಂತ ಮೆಷಿನ್ ಮುಟ್ಟಲಿಕ್ಕೆ ಬಿಡ್ಲಿಲ್ಲ, ಪೂರ್ತಿ ಉಳಿ ಸುತ್ತಿಗೆಯಲ್ಲೇ. ಒಟ್ಟು ಐದು ಲಕ್ಷದ ಹತ್ರ ಬಂತು, ಸಿಮೆಂಟಾದ್ರೆ ಎರಡರೊಳಗೆ ಮುಗೀತಿತ್ತು, ಕಮಿಟಿಯವ್ರು ಇದೇ ಲೆಕ್ಕ ಹಿಡ್ಕೊಂಡು ಫಾದರ್ ಹತ್ರ ಹೋಗಿದ್ರು.

ಚೀಲದಲ್ಲಿ ಬಂದ ಸುಣ್ಣ ಮೊದಲೇ ಗಾಳಿ ತಾಗಿ ಸತ್ತಿತ್ತು, ಅಂದ್ರೆ ಹಿಡಿಯೋ ಶಕ್ತಿ ಹೋಗಿತ್ತು, ಹಚ್ಚಿದ ಪ್ಯಾಚ್ ಉಗುರಿಗೇ ಕಿತ್ತು ಬಂತು. ಆಮೇಲೆ ಚಿಪ್ಪಿನ ಸುಣ್ಣ ತರಿಸಿ ತಿಂಗಳುಗಟ್ಟಲೆ ತೊಟ್ಟಿಯಲ್ಲಿ ನೀರಲ್ಲಿಟ್ಟು, ಒಂದಕ್ಕೆ ಸುಮಾರು ಎರಡೂವರೆ ಮರಳು, ಜತೆಗೆ ಹಳೇ ಹಂಚಿನ ಪುಡಿ. ಗಾರೆಗೆ ಬೆಲ್ಲ, ಅಳಲೆಕಾಯಿ ನೀರು ಸೇರಿಸೋದು ಎಲ್ರಿಗೂ ಗೊತ್ತಿದ್ದದ್ದೇ, ಎಷ್ಟು ದಿನ ಹುಳಿ ಬರಿಸ್ಬೇಕು ಅನ್ನೋದು ನನ್ನ ಹತ್ರವೇ ಇರ್ಲಿ. ಒಂದು ಕೋಟ್ ಅರ್ಧ ಇಂಚು ದಾಟಬಾರ್ದು, ಬಿಸಿಲಿನ ಕಡೆ ಒದ್ದೆ ಗೋಣಿ ಇಳಿಬಿಡಿ, ಸುಣ್ಣ ಗಾಳಿ ಕುಡಿದು ನಿಧಾನಕ್ಕೇ ಗಟ್ಟಿಯಾಗೋದು, ಹಾಗಾಗಿ ದೀಪಾವಳಿ ಕಳೆದ್ಮೇಲೆ ಶುರು ಮಾಡಿ ಏಪ್ರಿಲ್ ಒಳಗೆ ಮುಗಿಸಿದ್ರೆ ಒಳ್ಳೇದು.

ಹೇಮಾವತಿ ಹಿನ್ನೀರಲ್ಲಿ ಮಳೆಗಾಲ ಮುಳುಗೋ ಶೆಟ್ಟಿಹಳ್ಳಿ ಚರ್ಚಿನ ಗಾರೆಗೆ ಮೊಟ್ಟೆ ಹಾಕಿದ್ರು ಅಂತಾರಲ್ಲ, ನಾನೂ ಹಿಂಬದಿ ಗೋಡೆಗೆ ಮೊಟ್ಟೆ ಬಿಳಿ ಹಾಕಿ ಕೊನೇ ಕೋಟ್ ಕೊಟ್ಟು ನೋಡಿದೆ. ಕರಣೆ ಬೆಣ್ಣೆ ಮೇಲೆ ಹೋದ ಹಾಗೆ ಹೋಗ್ತದೆ, ಹೊಳಪೂ ಬಂತು, ಆದ್ರೆ ಇರುವೆ ಸಾಲುಗಟ್ಟಿತು. ಹೊರಗೋಡೆಗೆ ಅದು ಬೇಡ, ಒಳಗೆ ಅಲ್ತಾರ್ (ಬಲಿಪೀಠ) ಹತ್ರ ಇನ್ನೊಮ್ಮೆ ಮಾಡಿ ನೋಡ್ಬೇಕು ಅಂತ ಇದೆ.

ಬುಡದ ಮೂರಡಿಯಲ್ಲಿ ಈಗ್ಲೂ ಉಪ್ಪು ಕಾಣ್ತದೆ, ಬರ್ಲಿ, ನೆಲದಿಂದ ಏರೋ ತೇವ ಅಲ್ಲಿಂದ್ಲೇ ಹೊರಗೆ ಹೋಗ್ಬೇಕು. ಒಣ ಬ್ರಷ್ಷಲ್ಲಿ ಉಜ್ಜಿ ಪ್ರತಿ ವರ್ಷ ಹಬ್ಬಕ್ಕೆ ಮುಂಚೆ ಬರೀ ಸುಣ್ಣ ಬಳೀರಿ, ಪೈಂಟಿನವ್ರು ಬಂದ್ರೆ ಗೇಟಿಂದ್ಲೇ ವಾಪಸ್ ಕಳಿಸಿ.